ಬೀರು, ಬ್ಯೂರೋ ಮತ್ತು ಸದನದ ಬಾವಿ

ವಿಧಾನಮಂಡಲದ ಅಧಿವೇಶನ ಶುರುವಾಯಿತೆಂದರೆ ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆ ಇಂಗ್ಲಿಷಿನ ಚಿಕ್ಕಪುಟ್ಟ ಪದಗಳ ಕಾಟವೂ ಶುರು. ಸುದ್ದಿಸಂಸ್ಥೆ ಕಳಿಸಿದ ಪ್ರತಿಯಲ್ಲಿ ‘ಹೌಸ್’ ಇರುತ್ತದೆ, ಅದು ಮನೆಯಲ್ಲ. ‘ಫ್ಲೋರ್’ ಇರುತ್ತದೆ, ಅದು ನೆಲವಲ್ಲ. ‘ಚೇರ್’ ಗದರುತ್ತದೆ, ‘ಟ್ರೆಷರಿ ಬೆಂಚ್’ ಗಲಾಟೆ ಮಾಡುತ್ತದೆ, ವರದಿಯನ್ನು ‘ಟೇಬಲ್’ ಮಾಡುತ್ತಾರೆ, ‘ಕ್ಯಾಬಿನೆಟ್’ ರಾಜೀನಾಮೆ ಕೊಡುತ್ತದೆ, ಕೊನೆಗೆ ಎಲ್ಲರೂ ಸೇರಿ ‘ವೆಲ್’ಗೆ ಇಳಿಯುತ್ತಾರೆ. ನಾನು ಡೆಸ್ಕಿನಲ್ಲಿದ್ದಾಗ ಹೊಸದಾಗಿ ಸೇರಿದ ಹುಡುಗನೊಬ್ಬ ‘ಸ್ಟ್ಯಾಂಡಿಂಗ್ ಕಮಿಟಿ’ಯನ್ನು ‘ನಿಂತಿರುವ ಸಮಿತಿ’ ಎಂದು ಬರೆದುಕೊಟ್ಟಿದ್ದ. ಹಿರಿಯ ಉಪಸಂಪಾದಕರು ಕೆಂಪು ಪೆನ್ನಿನಲ್ಲಿ ‘ಸ್ಥಾಯಿ ಸಮಿತಿ’ ಎಂದು ತಿದ್ದಿ, “ಪಾಪ, ಕೂರೋಕೆ ಹೇಳಪ್ಪಾ ಅವರಿಗೆ, ಕಾಲು ನೋಯುತ್ತೆ” ಎಂದರು. ಎಲ್ಲರೂ ನಕ್ಕರು. ಹುಡುಗ ಮಾತ್ರ ಸುಮ್ಮನಾಗಲಿಲ್ಲ. “ಸಾರ್, ಹಾಗಾದ್ರೆ ಸದನದ ವೆಲ್ಲನ್ನ ನಾವು ದಿನಾ ಬಾವಿ ಅಂತಲೇ ಬರೀತೀವಲ್ಲ? ‘ಬಾವಿಗಿಳಿದು ಧರಣಿ’ ಅಂತ ಹೆಡ್ಡಿಂಗೇ ಕೊಡ್ತೀವಿ. ಅದು ಸರೀನಾ?” ಎಂದ. ಅಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸದನದ ನಡುವೆ, ಸಭಾಧ್ಯಕ್ಷರ ಪೀಠದ ಮುಂದೆ ತಗ್ಗಾಗಿರುವ ಜಾಗಕ್ಕೆ ಇಂಗ್ಲಿಷಿನವರು ‘ವೆಲ್’ ಎಂದರು, ನಾವು ‘ಬಾವಿ’ ಎಂದೆವು, ಅಷ್ಟೆ. ನಿಂತಿರುವ ಸಮಿತಿಗೆ ನಗುವ ಓದುಗ ಬಾವಿಗಿಳಿದ ಶಾಸಕರನ್ನು ನೋಡಿ ಹಗ್ಗ ತರಲು ಓಡುವುದಿಲ್ಲ.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ. ‘ಫೋಟೋಸಿಂಥೆಸಿಸ್’ ಗೊತ್ತು, ‘ಕಾನ್‌ಸ್ಟಿಟ್ಯೂಷನ್’ ಗೊತ್ತು, ಮಾರುದ್ದದ ಪದಗಳ ಹೆದರಿಕೆ ಇಲ್ಲ. ಆದರೆ ‘ಸೆಟ್’, ‘ರನ್’, ‘ಫೈನ್’, ‘ಚಾರ್ಜ್’ ಎಂಬ ಪುಡಿ ಪದಗಳು ಸಿಕ್ಕಲ್ಲೆಲ್ಲ ಬೇರೆ ಬೇರೆ ಅರ್ಥ ಹೇಳಿ ಸತಾಯಿಸುತ್ತವೆ, ಒಂದು ಪದಕ್ಕೆ ಒಂದು ಅರ್ಥ ಇಟ್ಟುಕೊಂಡಿದ್ದರೆ ಇಂಗ್ಲಿಷಿನ ಗಂಟೇನು ಹೋಗುತ್ತಿತ್ತು ಎಂದು ಕೇಳುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಯಾವುದೋ ಗಾಂಭೀರ್ಯದ ಗ್ರೀಕ್ ಪದದ್ದಲ್ಲ, ಮೂರಕ್ಷರದ ‘ಸೆಟ್’ನದು. ಆಮೇಲೆ ಪರಿಷ್ಕರಣೆ ನಡೆಯುತ್ತ ಬಂದಂತೆ ‘ರನ್’ ಅದನ್ನು ಹಿಂದಿಕ್ಕಿತು. ‘ರನ್’ನ ಕ್ರಿಯಾಪದ ರೂಪಕ್ಕೇ 645 ಅರ್ಥಗಳು. ಅವನ್ನು ಬೇರ್ಪಡಿಸಿ ಜೋಡಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಬೇಕಾಯಿತು. ಬಾಣಂತನವೊಂದು ಬಾಕಿ.

ಉದ್ದ ಪದ ಸುಲಭ, ಗಿಡ್ಡ ಪದ ಕಷ್ಟ ಎಂಬುದು ನಮ್ಮ ಭ್ರಮೆಯಲ್ಲ. ಹಾರ್ವರ್ಡಿನಲ್ಲಿದ್ದ ಜಾರ್ಜ್ ಕಿಂಗ್ಸ್‌ಲಿ ಜಿಪ್ಫ್ 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು: ಒಂದು ಪದ ಎಷ್ಟು ಹೆಚ್ಚು ಬಳಕೆಯಾಗುತ್ತದೋ ಅದಕ್ಕೆ ಅಷ್ಟು ಹೆಚ್ಚು ಅರ್ಥ ಇರುತ್ತದೆ. ಸದಾ ಬಳಕೆಯಾಗುವವು ಗಿಡ್ಡ ಪದಗಳೇ ತಾನೆ. ‘ಫೋಟೋಸಿಂಥೆಸಿಸ್’ ವಿಜ್ಞಾನದ ಪೀರಿಯಡ್ ಮುಗಿದ ಮೇಲೆ ಯಾರ ಬಾಯಿಗೂ ಬೀಳುವುದಿಲ್ಲ, ಹಾಗಾಗಿ ಕೆಡುವುದೂ ಇಲ್ಲ, ಬೆಳೆಯುವುದೂ ಇಲ್ಲ. ‘ರನ್’ ಹಾಗಲ್ಲ. ಅಂಗಡಿಯವ, ಸಿಪಾಯಿ, ನಾವಿಕ, ಎಂಜಿನಿಯರ್, ಕ್ರಿಕೆಟ್ ಆಡುವವ ಎಲ್ಲರೂ ಅದನ್ನು ತಮ್ಮ ತಮ್ಮ ಕೆಲಸಕ್ಕೆ ಎಳೆದುಕೊಂಡವರೇ. ಮೂಗು ಸೋರಿದರೂ ‘ರನ್’, ಕಂಪನಿ ನಡೆಸಿದರೂ ‘ರನ್’, ಚುನಾವಣೆಗೆ ನಿಂತರೂ ‘ರನ್’. ಕೊನೆಯದನ್ನು ಗಮನಿಸಿ: ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟನ್ನಿನವರು ನಮ್ಮ ಹಾಗೆ ನಿಲ್ಲುತ್ತಾರೆ.

ಇದು ಇಂಗ್ಲಿಷಿನ ತಲೆಕೆಟ್ಟತನ ಎಂದು ಬೈಯುವವರು ಒಂದು ಕ್ಷಣ ನಮ್ಮ ‘ಹೊಡೆ’ಯನ್ನು ನೆನಪಿಸಿಕೊಳ್ಳಬೇಕು. ಹುಡುಗನಿಗೆ ಹೊಡೆದರೆ ಪೆಟ್ಟು. ಆದರೆ ಸೈಕಲ್ಲಿಗೆ ಗಾಳಿ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ತೋಟಕ್ಕೆ ಔಷಧಿ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೇವೆ, ಕಟ್ಟೆ ಮೇಲೆ ಕೂತು ಹರಟೆ ಹೊಡೆಯುತ್ತೇವೆ, ಆಮೇಲೆ ಮನೆಗೆ ಹೋಗಿ ಗೊರಕೆ ಹೊಡೆಯುತ್ತೇವೆ. ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಅದೃಷ್ಟವಿದ್ದರೆ ಲಾಟರಿ ಹೊಡೆಯುತ್ತದೆ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವ ಉತ್ತರದ ಹುಡುಗಿಯನ್ನು ಕೇಳಿ ನೋಡಿ, ‘ಹೊಡೆ’ಯ ಬಗ್ಗೆ ಅವಳು ಹೇಳುವ ಮಾತು ‘ಸೆಟ್’ನ ಬಗ್ಗೆ ನಾವು ಹೇಳುವುದಕ್ಕಿಂತ ಮೃದುವಾಗಿರಲಾರದು. ನಮ್ಮ ಹಿಂದಿನವರಿಗೆ ಇದು ದೂರು ಎನಿಸಿರಲಿಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ‘ನಾನಾರ್ಥವರ್ಗ’ ಎಂದೇ ಒಂದು ಭಾಗವಿದೆ. ಕವಿಗಳಂತೂ ಇದನ್ನು ಶ್ಲೇಷೆ ಎಂದು ಕರೆದು ಅಲಂಕಾರಗಳ ಸಾಲಿಗೆ ಸೇರಿಸಿಕೊಂಡರು.

ನನ್ನ ವಾದ ಇಷ್ಟೆ. ಇಂಗ್ಲಿಷಿನ ಪುಡಿ ಪದಗಳ ಅರ್ಥಗಳು ಮೂಟೆಯಲ್ಲಿ ಹೇಗೆಂದರೆ ಹಾಗೆ ತುಂಬಿಟ್ಟವಲ್ಲ. ಮೊದಲು ಕೈಗೆ ಸಿಗುವ, ಕಣ್ಣಿಗೆ ಕಾಣುವ ಒಂದು ವಸ್ತುವೋ ಕೆಲಸವೋ ಇರುತ್ತದೆ. ಉಳಿದದ್ದೆಲ್ಲ ಅದರಿಂದ ಹೊರಟದ್ದು. ಹೊರಟ ದಾರಿಯೂ ನಮಗೆ ಅಪರಿಚಿತವಲ್ಲ, ಕನ್ನಡ ಅದೇ ದಾರಿಯಲ್ಲಿ ನಡೆದು ಬಂದಿದೆ.

‘ಚಾರ್ಜ್’ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಗಂಧವಿಲ್ಲದವರೂ ಇದರ ಐದಾರು ಅರ್ಥಗಳನ್ನು ದಿನವೂ ಆಡುತ್ತಾರೆ. ಮೊಬೈಲಿಗೆ ಚಾರ್ಜ್ ಇಲ್ಲ. ಬಸ್ ಚಾರ್ಜ್ ಏರಿದೆ. ಹೊಸ ಸಾಹೇಬರು ಚಾರ್ಜ್ ತಗೊಂಡರು. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಪ್ರತಿಭಟನೆಯಲ್ಲಿ ಲಾಠಿ ಚಾರ್ಜ್ ಆಯಿತು. ಒಂದೇ ದಿನದ ಪತ್ರಿಕೆಯಲ್ಲಿ ಈ ಐದೂ ಸಿಗುವುದು ಅಪರೂಪವಲ್ಲ. ಒಂದಕ್ಕೊಂದು ಏನು ಸಂಬಂಧ? ಲ್ಯಾಟಿನ್ನಿನಲ್ಲಿ ‘ಕಾರುಸ್’ ಎಂದರೆ ಬಂಡಿ. ಇವತ್ತಿನ ‘ಕಾರು’ ಬಂದದ್ದೂ ಅಲ್ಲಿಂದಲೇ. ಬಂಡಿಗೆ ಹೊರೆ ಹೇರುವುದಕ್ಕೆ ‘ಕಾರಿಕಾರೆ’ ಎಂದರು, ಅದು ಫ್ರೆಂಚಿನಲ್ಲಿ ಸವೆದು ‘ಚಾರ್ಜ್’ ಆಯಿತು. ಅಂದರೆ ಚಾರ್ಜ್‌ನ ಹೊಟ್ಟೆಯಲ್ಲಿರುವುದು ಹೊರೆ. ಒಬ್ಬರ ಮೇಲೆ ಕೆಲಸದ ಹೊರೆ ಹೇರಿದರೆ ಅಧಿಕಾರದ ಚಾರ್ಜ್. ಹಣದ ಹೊರೆ ಹೇರಿದರೆ ಬಸ್ ಚಾರ್ಜ್. ತಪ್ಪಿನ ಹೊರೆ ಹೇರಿದರೆ ಚಾರ್ಜ್‌ಶೀಟ್. ಬಂದೂಕಿಗೆ ಮದ್ದು ತುಂಬುವುದೂ ಹೇರುವುದೇ. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತವರ ಕಾಲದವರು ಗಾಜಿನ ಜಾಡಿಗಳಲ್ಲಿ ವಿದ್ಯುತ್ತು ತುಂಬಿಡತೊಡಗಿದಾಗ ಅದಕ್ಕೂ ಬಂದೂಕಿನ ಮಾತನ್ನೇ ತಂದರು. ನಿಮ್ಮ ಮೊಬೈಲಿನ ಚಾರ್ಜ್ ಆ ಜಾಡಿಯಿಂದ ಬಂದದ್ದು. ಶತ್ರುವಿನ ಮೇಲೆ ಒಮ್ಮೆಗೇ ಭಾರ ಹಾಕಿ ನುಗ್ಗುವುದು ಲಾಠಿಯವರ ಚಾರ್ಜ್.

ಈಗ ಕನ್ನಡವನ್ನು ನೋಡಿ. ಆರೋಪವನ್ನು ನಾವು ‘ಹೊರಿಸು’ತ್ತೇವೆ. ಹೊಣೆಯನ್ನೂ ‘ಹೊರಿಸು’ತ್ತೇವೆ. ತೆರಿಗೆ ಹೆಚ್ಚಿದರೆ ಜನರ ಮೇಲೆ ‘ಹೊರೆ’. ಕಾಯಂ ಪ್ರಾಂಶುಪಾಲರು ಬರುವತನಕ ಕೂತವರು ‘ಪ್ರಭಾರ’ ಪ್ರಾಂಶುಪಾಲರು. ಇಂಗ್ಲಿಷಿನ ‘ಇನ್‌ಚಾರ್ಜ್’ನಲ್ಲಿ ಹೊರೆ ಇದ್ದರೆ ನಮ್ಮ ಪ್ರಭಾರದಲ್ಲಿ ಭಾರವಿದೆ. ರೋಮಿನ ಬಂಡಿಯವನಿಗೂ ನಮ್ಮ ಕಚೇರಿ ಗುಮಾಸ್ತರಿಗೂ ತಲೆ ಓಡಿದ್ದು ಒಂದೇ ಕಡೆಗೆ. ಹೊರೆ ಎಂಬ ಒಂದು ಚಿತ್ರ ಹಿಡಿದುಕೊಂಡ ಪಿಯುಸಿ ಹುಡುಗನಿಗೆ ‘ಚಾರ್ಜ್’ನ ಆರು ಅರ್ಥಗಳನ್ನು ಬೇರೆ ಬೇರೆ ಉರುಹೊಡೆಯುವ ಕರ್ಮ ಇಲ್ಲ.

ಅಧಿವೇಶನದ ಪೀಠೋಪಕರಣಗಳ ಗುಟ್ಟೂ ಇದೇ. ‘ಬೋರ್ಡ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಹಲಗೆ. ಹಲಗೆಯನ್ನು ಕಾಲುಗಳ ಮೇಲಿಟ್ಟರೆ ಮೇಜು. ಮೇಜಿನ ಮೇಲೆ ಬಡಿಸಿದ ಊಟಕ್ಕೂ ‘ಬೋರ್ಡ್’ ಎಂದರು, ಹಾಗಾಗಿಯೇ ಊಟ ಹಾಕಿ ಓದಿಸುವ ಶಾಲೆ ಬೋರ್ಡಿಂಗ್ ಸ್ಕೂಲು, ನಮ್ಮ ಊರೂರಿನ ಹೋಟೆಲುಗಳ ಮೇಲೆ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’. ಅದೇ ಮೇಜಿನ ಸುತ್ತ ಊಟಕ್ಕಲ್ಲದೆ ವ್ಯವಹಾರಕ್ಕೆ ಕೂತವರು ಕೂಡ ಬೋರ್ಡ್ ಆದರು. ಪರೀಕ್ಷಾ ಬೋರ್ಡು ಬಂದದ್ದು ಹಾಗೆ. ಹಳ್ಳಿಗಳಲ್ಲಿ ಇವತ್ತಿಗೂ ಕರೆಂಟು ಹೋದಾಗ ‘ಕೆಇಬಿಯವರಿಗೆ ಫೋನ್ ಮಾಡು’ ಎನ್ನುತ್ತಾರಲ್ಲ, ಆ ಕೊನೆಯ ‘ಬಿ’ಯೂ ಹಲಗೆಯೇ. ಆ ಮಂಡಳಿ ನಿಗಮವಾಗಿ ಎಷ್ಟೋ ವರ್ಷವಾಯಿತು, ಹಲಗೆ ಮಾತ್ರ ಬಿಟ್ಟುಹೋಗಲಿಲ್ಲ. ಹಡಗಿನ ಮಗ್ಗುಲಿಗೂ ‘ಬೋರ್ಡ್’ ಎಂಬ ಹೆಸರಿತ್ತು, ಆದ್ದರಿಂದ ಹಡಗು ಹತ್ತುವುದು ‘ಬೋರ್ಡ್’ ಮಾಡುವುದು. ಹಡಗಿನ ಮಾತನ್ನು ವಿಮಾನ ಎರವಲು ಪಡೆಯಿತು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಹಿಡಿದು ನಿಂತವರ ಕೈಯಲ್ಲಿರುವುದು ಹಳೆಯ ನಾವಿಕರ ಹಲಗೆ.

‘ಬ್ಯೂರೋ’ದ ಕಥೆ ಇನ್ನೂ ರುಚಿ. ಫ್ರೆಂಚಿನಲ್ಲಿ ಅದು ಮೊದಲು ಒರಟು ಉಣ್ಣೆಯ ಬಟ್ಟೆ. ಆ ಬಟ್ಟೆಯನ್ನು ಬರೆಯುವ ಮೇಜಿಗೆ ಹಾಸುತ್ತಿದ್ದರು, ಬಟ್ಟೆಯ ಹೆಸರು ಮೇಜಿಗೆ ಬಂತು. ಮೇಜಿದ್ದ ಕೋಣೆಗೆ ಬಂತು. ಕೋಣೆಯಲ್ಲಿದ್ದ ಕಚೇರಿಗೆ ಬಂತು. ಹೀಗೆ ಬೆಳೆದು ಪತ್ರಿಕೆಯವರ ‘ಬೆಂಗಳೂರು ಬ್ಯೂರೋ’ ಆಯಿತು. ಇನ್ನೊಂದು ಕಡೆ ಖಾನೆಗಳುಳ್ಳ ಮೇಜೇ ದೊಡ್ಡದಾಗಿ ಬಟ್ಟೆ ಇಡುವ ಕಪಾಟಾಯಿತು. ನಮ್ಮ ಮನೆಗಳ ಮೂಲೆಯಲ್ಲಿ ನಿಂತಿರುವ ‘ಬೀರು’ ಅದೇ ಬ್ಯೂರೋ. ಅಜ್ಜಿ ಬಂಗಾರ ಇಡುವ ಬೀರು, ವರದಿಗಾರ ಸುದ್ದಿ ಕಳಿಸುವ ಬ್ಯೂರೋ ಎರಡೂ ಒಂದೇ ಬಟ್ಟೆಯ ತುಂಡುಗಳು ಎಂದು ಬ್ಯೂರೋ ಮುಖ್ಯಸ್ಥರಾಗಿದ್ದ ಗೆಳೆಯರೊಬ್ಬರಿಗೆ ಹೇಳಿದಾಗ, “ಬೀಗದ ಕೈ ಯಾರ ಹತ್ರ ಇರತ್ತೆ ಅನ್ನೋದಷ್ಟೇ ವ್ಯತ್ಯಾಸ ಬಿಡಿ” ಎಂದರು.

‘ಕ್ಯಾಬಿನೆಟ್’ ದೊರೆ ತನ್ನ ಆಪ್ತರೊಡನೆ ಗುಟ್ಟು ಮಾತಾಡುವ ಸಣ್ಣ ಕೋಣೆ. ಕೋಣೆಯ ಹೆಸರು ಒಳಗೆ ಕೂತವರಿಗೆ ಅಂಟಿತು. ‘ಬೆಂಚ್’ ನ್ಯಾಯಾಧೀಶರು ಕೂರುವ ಉದ್ದ ಮಣೆ. ಮಣೆಯ ಹೆಸರು ನ್ಯಾಯಾಧೀಶರಿಗೆ ಬಂತು. ‘ಚೇರ್’ ಹಾಗೆಯೇ. ಇಲ್ಲಿಯೂ ಕನ್ನಡ ಹೆಜ್ಜೆ ತಪ್ಪಿಲ್ಲ. ‘ಪೀಠ’ ಎಂಬ ಒಂದು ಪದವನ್ನು ನಾವು ಎಷ್ಟು ಕಡೆ ಹಾಕಿದ್ದೇವೆ ನೋಡಿ. ಹೈಕೋರ್ಟಿಗೆ ಧಾರವಾಡ ಪೀಠ, ಕಲಬುರಗಿ ಪೀಠ. ವಿಶ್ವವಿದ್ಯಾಲಯಕ್ಕೆ ಅಧ್ಯಯನ ಪೀಠ. ಮಠಕ್ಕೆ ಗುರುಪೀಠ. ಸ್ಪೀಕರ್ ಸಿಟ್ಟಾದರೆ ‘ಪೀಠಕ್ಕೆ ಅಗೌರವ’. ‘ಗದ್ದುಗೆ’ ಎಂದರೆ ಮೆತ್ತನೆಯ ಆಸನ ಮಾತ್ರವೇ? ‘ಕುರ್ಚಿಗಾಗಿ ಕಿತ್ತಾಟ’ ಎಂದರೆ ಮರದ ಕುರ್ಚಿಯೇ? ಕೂರುವ ವಸ್ತು ಕೂತವನ ಅಧಿಕಾರವಾಗುವುದು ಎರಡೂ ಕಡೆ ನಡೆದಿದೆ. ‘ಫ್ಲೋರ್’ ಪದದ ಮೇಲಂತೂ ಕರ್ನಾಟಕಕ್ಕೆ ವಿಶೇಷ ಹಕ್ಕಿದೆ. 1989ರಲ್ಲಿ ವಜಾಗೊಂಡ ಎಸ್‌.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 1994ರಲ್ಲಿ, ಬಹುಮತ ತೀರ್ಮಾನವಾಗಬೇಕಾದ್ದು ರಾಜಭವನದಲ್ಲಲ್ಲ, ಸದನದ ‘ಫ್ಲೋರ್’ ಮೇಲೆ ಎಂದದ್ದು. ಟಿ.ವಿ.ಯವರ ‘ಫ್ಲೋರ್ ಟೆಸ್ಟ್’ ಕೇಳಿದಾಗೆಲ್ಲ ಟೈಲ್ಸ್ ಅಂಗಡಿ ನೆನಪಾಗುವವರು ಇಷ್ಟನ್ನು ತಿಳಿದಿದ್ದರೆ ಸಾಕು.

ಕಣ್ಣಿನ ‘ಪ್ಯೂಪಿಲ್’ ಮತ್ತು ಶಾಲೆಯ ‘ಪ್ಯೂಪಿಲ್’ ಒಂದೇ ಆದದ್ದು ಹೇಗೆ ಎಂದು ಹೈಸ್ಕೂಲ್ ಮೇಷ್ಟ್ರೊಬ್ಬರು ಕೇಳಿದ್ದರು. ಲ್ಯಾಟಿನ್ನಿನಲ್ಲಿ ‘ಪೂಪ’ ಎಂದರೆ ಹುಡುಗಿ, ಬೊಂಬೆ. ಪಾಲಕರ ಆಶ್ರಯದಲ್ಲಿರುವ ಮಗು ಮುಂದೆ ಶಿಷ್ಯ ಎಂಬ ಅರ್ಥಕ್ಕೆ ಬಂತು. ಇನ್ನೊಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ ಕರಿಯ ಭಾಗದಲ್ಲಿ ನಮ್ಮದೇ ಪುಟ್ಟ ಬಿಂಬ ಕಾಣುತ್ತದಲ್ಲ, ಆ ಪುಟ್ಟ ಬೊಂಬೆಯಿಂದ ಕಣ್ಣಿನ ಪ್ಯೂಪಿಲ್. ಕನ್ನಡದಲ್ಲಿ ಅದಕ್ಕೇನೆನ್ನುತ್ತೇವೆ? ಕಣ್ಣಿನ ಪಾಪೆ. ಪಾಪೆ ಎಂದರೂ ಬೊಂಬೆಯೇ. ಲ್ಯಾಟಿನ್ನಿಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಭ್ಯಾಸ ಮಾತ್ರ ಎರಡೂ ಕಡೆ ಇತ್ತು.

ಎಲ್ಲದಕ್ಕೂ ಹೀಗೆ ಒಂದೇ ಬೇರು ಸಿಗುತ್ತದೆ ಎಂದರೆ ಸುಳ್ಳಾದೀತು. ಬೆಂಕಿಕಡ್ಡಿಯ ‘ಮ್ಯಾಚ್’ ದೀಪದ ಬತ್ತಿಯ ಹಳೆಯ ಫ್ರೆಂಚ್ ಪದದಿಂದ ಬಂದದ್ದು, ಆಟದ ‘ಮ್ಯಾಚ್’ ಜೊತೆಗಾರ ಎಂಬರ್ಥದ ಹಳೆಯ ಇಂಗ್ಲಿಷಿನದು. ಜಾತ್ರೆಯ ‘ಫೇರ್’ ಲ್ಯಾಟಿನ್ನಿನ ಹಬ್ಬದ ದಿನ, ಚೆಲುವಿನ ಮತ್ತು ನ್ಯಾಯದ ‘ಫೇರ್’ ಬೇರೆ ಮನೆತನ. ತಿನ್ನುವ ‘ಡೇಟ್’ ಗ್ರೀಕರ ಬೆರಳಿನಿಂದ ಬಂದರೆ ಕ್ಯಾಲೆಂಡರಿನ ‘ಡೇಟ್’ ಲ್ಯಾಟಿನ್ನಿನ ‘ಕೊಟ್ಟದ್ದು’ ಎಂಬುದರಿಂದ ಬಂದಿದೆ. ಇವು ಸವೆದು ಸವೆದು ಒಂದೇ ರೂಪಕ್ಕೆ ಬಂದವು, ನಮ್ಮ ‘ಹತ್ತು’ ಎಂಬುದು ಸಂಖ್ಯೆಯೂ ಆಗಿ ಏರುವುದೂ ಆದ ಹಾಗೆ. ಇಂಥವನ್ನು ನೆನಪಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಸಮಾಧಾನವೆಂದರೆ ಇವುಗಳಿಂದ ಗೊಂದಲ ಕಡಿಮೆ. ಖರ್ಜೂರಕ್ಕೂ ತಾರೀಕಿಗೂ ಎಲ್ಲಿ ತಾನೆ ಜಗಳ ಬಂದೀತು?

ಹೆಚ್ಚು ಅಪಾಯ ಇರುವುದು ತಮಗೆ ತಾವೇ ತಿರುಗಿಬಿದ್ದ ಪದಗಳಲ್ಲಿ. ‘ಲೋನ್ ಸ್ಯಾಂಕ್ಷನ್ ಆಯ್ತು’ ಎಂದರೆ ಮನೆಯಲ್ಲಿ ಪಾಯಸ. ಅದೇ ಒಂದು ದೇಶವನ್ನು ಅಮೆರಿಕ ‘ಸ್ಯಾಂಕ್ಷನ್’ ಮಾಡಿತು ಎಂದರೆ ಆ ದೇಶಕ್ಕೆ ನಿರ್ಬಂಧ. ರಾಜ್ಯಪಾಲರು ಪ್ರಾಸಿಕ್ಯೂಷನ್ನಿಗೆ ‘ಸ್ಯಾಂಕ್ಷನ್’ ಕೊಟ್ಟರೆ ಅದು ಅನುಮತಿ, ಆದರೆ ಯಾರ ಮೇಲೆ ಕೊಟ್ಟರೋ ಅವರಿಗೆ ಶಿಕ್ಷೆಯ ಮುನ್ಸೂಚನೆ. ಮೂಲದಲ್ಲಿ ಅದು ಶಾಸನವನ್ನು ಪವಿತ್ರವೆಂಬಂತೆ ಸ್ಥಿರಪಡಿಸುವುದು. ಸ್ಥಿರಪಡಿಸಿದ ಶಾಸನ ಕೆಲವಕ್ಕೆ ಒಪ್ಪಿಗೆ ಕೊಡುತ್ತದೆ, ಮೀರಿದವರಿಗೆ ದಂಡ ಹಾಕುತ್ತದೆ. ಎರಡು ಅರ್ಥಗಳು ಅಲ್ಲಿ ಕವಲೊಡೆದವು. ‘ಟೇಬಲ್’ ಇನ್ನೂ ಕುಚೋದ್ಯದ್ದು. ಬ್ರಿಟನ್ನಿನಲ್ಲೂ ನಮ್ಮಲ್ಲೂ ವರದಿಯನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಒಂದು ಕಡತದ ಮೇಲೆ ಇದೇ ಪದ ಹಿಡಿದು ಜೋರಾಗಿ ವಾದ ಮಾಡಿ, ಕೊನೆಗೆ ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಕಂಡುಕೊಂಡರೆಂದು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಇಬ್ಬರ ಮಾತೃಭಾಷೆಯೂ ಇಂಗ್ಲಿಷೇ!

ನಮಗೆ ಇನ್ನೊಂದು ತೊಂದರೆ ಹೆಚ್ಚಿಗೆ ಇದೆ. ಇಂಗ್ಲಿಷಿನ ಪದ ಕನ್ನಡಕ್ಕೆ ಬರುವಾಗ ತನ್ನ ಸಂಸಾರವನ್ನೆಲ್ಲ ಕರೆದುಕೊಂಡು ಬರುವುದಿಲ್ಲ. ಒಂದು ಅರ್ಥ ಬಂದು ನೆಲೆಸುತ್ತದೆ, ಉಳಿದವು ಅಲ್ಲೇ ಇರುತ್ತವೆ. ‘ಕರೆಂಟ್’ ನಮಗೆ ವಿದ್ಯುತ್ತು ಮಾತ್ರ. ಹರಿಯುವುದು, ಸದ್ಯ ನಡೆಯುತ್ತಿರುವುದು ಎಂಬ ಅರ್ಥಗಳು ಬರಲಿಲ್ಲ, ಹಾಗಾಗಿ ‘ಕರೆಂಟ್ ಅಫೇರ್ಸ್’ ಪುಸ್ತಕ ಮೊದಲ ಸಲ ಕಂಡ ಹುಡುಗರು ಹುಬ್ಬೇರಿಸುತ್ತಾರೆ. ‘ಮೆಸ್’ ನಮಗೆ ಹಾಸ್ಟೆಲಿನ ಊಟದ ಮನೆ. ಕೋಣೆ ‘ಮೆಸ್’ ಆಗಿದೆ ಎಂದು ಅಮ್ಮ ಇಂಗ್ಲಿಷಿನಲ್ಲಿ ಬೈದರೆ ಮಗನಿಗೆ ಎರಡೂ ಹೇಗೆ ಒಂದೇ ಪದ ಎಂದು ಹೊಳೆಯುವುದಿಲ್ಲ. ಅದು ಮೊದಲು ಬಡಿಸಿದ ಊಟ, ಆಮೇಲೆ ಒಟ್ಟಿಗೆ ಉಣ್ಣುವವರ ಗುಂಪು. ಇನ್ನೊಂದು ಕಡೆ ಕಲಸಿದ ತಿನಿಸು, ಅದರಿಂದ ಕಲಸುಮೇಲೋಗರ. ನಮ್ಮ ಮಾತಿನಲ್ಲಿ ಗಲಿಬಿಲಿಗೆ ‘ಕಲಸುಮೇಲೋಗರ’ ಎಂದದ್ದೂ ಅಡುಗೆಮನೆಯಿಂದಲೇ ಅಲ್ಲವೆ?

ಈ ವಿಷಯದಲ್ಲಿ ನನಗೆ ಅತಿ ಪ್ರಿಯವಾದ ಪದ ‘ಟ್ಯಾಂಕ್’. ಮನೆ ಮೇಲಿನ ನೀರಿನ ಟ್ಯಾಂಕ್, ಬೈಕಿನ ಪೆಟ್ರೋಲ್ ಟ್ಯಾಂಕ್, ಗಡಿಯಲ್ಲಿರುವ ಯುದ್ಧ ಟ್ಯಾಂಕ್ ಎಲ್ಲವೂ ನಮಗೆ ಗೊತ್ತು. ಆದರೆ ಭಾರತದ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದರೆ ಮೊದಲು ಕೆರೆ. ಗುಜರಾತಿ, ಮರಾಠಿ ಸೀಮೆಗಳ ‘ಟಾಂಕೆ’ ಎಂಬ ನೀರಿನ ತೊಟ್ಟಿಯ ಪದವೂ ಪೋರ್ಚುಗೀಸರ ‘ತಾಂಕೆ’ಯೂ ಬೆರೆತು ಅದು ಇಂಗ್ಲಿಷಿಗೆ ಹೋಯಿತು. ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತಗಳಲ್ಲಿ ಕೆರೆಗಳೆಲ್ಲ ಟ್ಯಾಂಕುಗಳೇ. ಬೆಂಗಳೂರಿನಲ್ಲಿ 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಇವತ್ತಿಗೂ ಸ್ಯಾಂಕಿ ಟ್ಯಾಂಕ್. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಟ್ಯಾಂಕ್, ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಟ್ಯಾಂಕ್. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಉಕ್ಕಿನ ಹೊಸ ಯುದ್ಧವಾಹನವನ್ನು ಗುಟ್ಟಾಗಿ ತಯಾರಿಸುವಾಗ ಕೇಳಿದವರಿಗೆ ‘ನೀರಿನ ಟ್ಯಾಂಕ್ ಮಾಡ್ತಿದ್ದೀವಿ’ ಎಂದು ಹೇಳಲಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗಕ್ಕೆ ಅದು ಇಳಿಯುವ ಹೊತ್ತಿಗೆ ಆ ಸುಳ್ಳು ಹೆಸರೇ ಗಟ್ಟಿಯಾಗಿತ್ತು. ಇಲ್ಲಿಂದ ಹೋದ ನೀರಿನ ಪದ ಅಲ್ಲಿ ತೋಪು ಹೊತ್ತು ಹಿಂದಿರುಗಿತು. ಆ ಪದಕ್ಕೆ ಇಲ್ಲಿದ್ದ ಕೆರೆ ಎಂಬ ಅರ್ಥವನ್ನು ಮಾತ್ರ ಕನ್ನಡ ತೆಗೆದುಕೊಳ್ಳಲಿಲ್ಲ; ನಮ್ಮಲ್ಲಿ ಕೆರೆಗೆ ಕೆರೆ ಎಂಬ ಪದ ಇತ್ತಲ್ಲ.

ಹಾಗಾದರೆ ಇಂಗ್ಲಿಷ್ ಮನೆಮಾತಿನವರು ಇಷ್ಟೆಲ್ಲ ಅರ್ಥಗಳ ನಡುವೆ ಎಡವದೆ ಹೇಗೆ ನಡೆಯುತ್ತಾರೆ? 1979ರಲ್ಲಿ ಡೇವಿಡ್ ಸ್ವಿನ್ನಿ ಎಂಬ ಮನಃಶಾಸ್ತ್ರಜ್ಞ ಇದನ್ನು ಪರೀಕ್ಷೆ ಮಾಡಿ ನೋಡಿದರು. ‘ಬಗ್’ ಎಂದರೆ ಹುಳ, ಗುಟ್ಟಾಗಿ ಮಾತು ಕದ್ದು ಕೇಳುವ ಯಂತ್ರವೂ ಹೌದು. ಕೋಣೆಯ ಮೂಲೆಯಲ್ಲಿ ಜೇಡ, ಜಿರಳೆ ಮತ್ತಿತರ ‘ಬಗ್ಸ್’ ಸಿಕ್ಕವು ಎಂಬ ವಾಕ್ಯವನ್ನು ಕೇಳಿಸಿ, ಆ ಪದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ ‘ಇರುವೆ’ ಎಂಬ ಪದ ತೋರಿಸಿದರೆ ಜನ ಬೇಗ ಗುರುತಿಸಿದರು. ಸೋಜಿಗವೆಂದರೆ ‘ಗೂಢಚಾರ’ ಎಂಬುದನ್ನೂ ಅಷ್ಟೇ ಬೇಗ ಗುರುತಿಸಿದರು. ಜೇಡ, ಜಿರಳೆಗಳ ನಡುವೆ ಗೂಢಚಾರನಿಗೇನು ಕೆಲಸ? ಆದರೂ ತಲೆ ಎರಡೂ ಅರ್ಥಗಳನ್ನು ಒಟ್ಟಿಗೆ ಎತ್ತಿಕೊಂಡಿತ್ತು. ಇನ್ನು ಮೂರು ಉಚ್ಚಾರಾಂಶದಷ್ಟು ಮಾತು ಮುಂದೆ ಹೋದ ಮೇಲೆ ತೋರಿಸಿದರೆ ಇರುವೆ ಉಳಿದಿತ್ತು, ಗೂಢಚಾರ ಕಾಣೆಯಾಗಿದ್ದ. ಬೇಕಾದದ್ದನ್ನು ಉಳಿಸಿ ಬೇಡದ್ದನ್ನು ಬಿಸಾಡುವ ಕೆಲಸ ಒಂದು ಸೆಕೆಂಡಿನೊಳಗೆ ಮುಗಿದಿತ್ತು. ‘ಹೊಡೆ’ ಕೇಳಿದಾಗ ನಮ್ಮ ತಲೆಯಲ್ಲೂ ನಡೆಯುವುದು ಇದೇ ಇರಬೇಕು. ‘ಫೈನ್’ ಕೇಳಿದಾಗ ಹಾಗೆ ನಡೆಯದಿರಲು ಕಾರಣ ಸರಳ: ಆರಿಸಿಕೊಳ್ಳಲು ನಮ್ಮ ತಲೆಯಲ್ಲಿ ಎರಡನೆಯ ಅರ್ಥವೇ ಇರುವುದಿಲ್ಲ. ಶಾಲೆ ಒಂದನ್ನೇ ಕೊಟ್ಟು ಕಳಿಸಿರುತ್ತದೆ.

ನನ್ನ ತಕರಾರು ಇರುವುದು ಇಲ್ಲಿ. ನೋಟ್ಸಿನ ಎಡಕ್ಕೆ ‘ಪದ’, ಬಲಕ್ಕೆ ‘ಅರ್ಥ’, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ‘ಫೈನ್ – ದಂಡ’. ಮುಗಿಯಿತು. ಆಮೇಲೆ ‘ಫೈನ್ ಆರ್ಟ್ಸ್’ ಬಂದರೆ ಆ ಮಗು ಏನು ಮಾಡಬೇಕು? ಲ್ಯಾಟಿನ್ನಿನ ‘ಫೀನಿಸ್’, ಅಂದರೆ ಕೊನೆ, ಅದರ ಮೂಲ. ವ್ಯಾಜ್ಯವನ್ನು ಕೊನೆಗಾಣಿಸಲು ಕಟ್ಟುವ ಹಣ ದಂಡವಾಯಿತು, ಕೊನೆಯ ಹದ ಮುಟ್ಟಿದ ಕೆಲಸ ನಯವಾದದ್ದು, ಒಳ್ಳೆಯದು ಎನಿಸಿಕೊಂಡಿತು. ಇದನ್ನು ಹೇಳಲು ಮೇಷ್ಟ್ರಿಗೆ ಎರಡು ನಿಮಿಷ ಸಾಕು, ಹುಡುಗರಿಗೆ ಬಹುಕಾಲ ನೆನಪಿರುತ್ತದೆ. ಎಲ್ಲ ಪದಕ್ಕೂ ಲ್ಯಾಟಿನ್ ಹುಡುಕಿ ಎಂದು ನಾನು ಹೇಳುತ್ತಿಲ್ಲ. ಪದವನ್ನು ಒಂಟಿಯಾಗಿ ಕಲಿಸಬೇಡಿ, ಅದರ ಜೊತೆಗಾರರೊಡನೆ ಕಲಿಸಿ. ‘ಇನ್ ಚಾರ್ಜ್’, ‘ಫ್ರೀ ಆಫ್ ಚಾರ್ಜ್’, ‘ಚಾರ್ಜ್ಡ್ ವಿತ್ ಮರ್ಡರ್’ ಎಂಬ ಮೂರು ತುಂಡುಗಳು ಬಾಯಿಗೆ ಬಂದರೆ ಅರ್ಥದ ಪಟ್ಟಿ ಬೇಕಿಲ್ಲ. ಮನೆಯಲ್ಲಿ ಒಂದು ಕಲಿಕೆಯ ನಿಘಂಟು ಇಟ್ಟುಕೊಳ್ಳಿ. ಎ.ಎಸ್. ಹಾರ್ನ್‌ಬಿ ರೂಪಿಸಿದ ಆಕ್ಸ್‌ಫರ್ಡ್ ಕಲಿಕೆಯ ನಿಘಂಟು 1948ರಿಂದ ಪೇಟೆಯಲ್ಲಿದೆ. ಇಂಥ ನಿಘಂಟುಗಳ ನಿಜವಾದ ಬೆಲೆ ಇರುವುದು ಅರ್ಥದ ಸಾಲಿನಲ್ಲಲ್ಲ, ಅದರ ಕೆಳಗೆ ಓರೆ ಅಕ್ಷರದಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ. ಮಕ್ಕಳು ಮೊದಲು ಬಿಟ್ಟು ಓದುವುದೂ ಅದನ್ನೇ.

ಇನ್ನು ಪ್ರಶ್ನೆ ಕಳಿಸುವವರಲ್ಲಿ ಒಂದು ವಿನಂತಿ. ‘ಸೆಟ್ ಎಂದರೇನು ತಿಳಿಸಿ’ ಎಂದು ಒಂದು ಸಾಲಿನಲ್ಲಿ ಬರೆದರೆ ಈ ಅಂಕಣವಲ್ಲ, ಇಡೀ ಪತ್ರಿಕೆ ಕೊಟ್ಟರೂ ಜಾಗ ಸಾಲದು. ಆ ಪದ ನಿಮಗೆ ಸಿಕ್ಕ ವಾಕ್ಯವನ್ನು ಪೂರ್ತಿ ಬರೆದು ಕಳಿಸಿ. ಸಾಧ್ಯವಾದರೆ ಹಿಂದಿನ ಒಂದು ವಾಕ್ಯವನ್ನೂ ಸೇರಿಸಿ. ಅರ್ಧದಷ್ಟು ಜನಕ್ಕೆ ಬರೆದು ಮುಗಿಸುವ ಹೊತ್ತಿಗೆ ಉತ್ತರ ತಾನಾಗಿ ಹೊಳೆದಿರುತ್ತದೆ, ಅಂಚೆ ಖರ್ಚೂ ಉಳಿಯುತ್ತದೆ.